ಫ್ಯಾನ್ ಸರಿ, ರಿಲೇ ಎಲ್ಲಿ ಸ್ವಾಮಿ?

ಕಥೆ, ಕವನ, ಹರಟೆಗಳ ನಡುವೆ ಇವನೇನಪ್ಪಾ ರೇಡಿಯೇಟರ್ ಫ್ಯಾನ್ ಹಿಡ್ಕೊಂಡು ಬಂದ ಅಂತ ಅನ್ನಿಸಬಹುದು. ಸ್ವಲ್ಪ ಸಹಿಸಿಕೊಳ್ಳಿ :-) ಬಾಡಿಗೆ ಹೊಡೆಯುವ ಪಿಕಪ್ ಗಾಡಿಯ ಬೆಲ್ಟ್ ಫ್ಯಾನ್ ಕಿತ್ತುಹಾಕಿ, "ಮೈಲೇಜ್ ಬರುತ್ತೆ" ಅಂತ ಎಲೆಕ್ಟ್ರಿಕ್ ಫ್ಯಾನ್ ಕೂರಿಸುವುದರ ಬಗ್ಗೆ ನನಗೆ ತಕರಾರಿದೆ. ಲೋಡ್ ಹೊತ್ತು ಘಾಟಿ ಹತ್ತುವ ಗಾಡಿಗೆ ಅದು ಬೇಡ ಅನ್ನೋದು ನನ್ನ ಅಭಿಪ್ರಾಯ. ಹಾಕಿಸಲೇಬೇಕು ಅಂದ್ರೆ ರಿಲೇ, ಫ್ಯೂಸ್ ಇಲ್ಲದೆ ಹಾಕಿಸಬೇಡಿ. ಇದರಲ್ಲಿ ಎರಡನೆಯ ಮಾತಿಗೆ ಚರ್ಚೆಯೇ ಇಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಗಾಡಿ ಜೋರಾಗಿ ಓಡುವಾಗ ರೇಡಿಯೇಟರಿಗೆ ಗಾಳಿ ತಾನಾಗೇ ನುಗ್ಗುತ್ತೆ, ಫ್ಯಾನಿನ ಅಗತ್ಯ ಅಷ್ಟಾಗಿ ಇರಲ್ಲ. ಫ್ಯಾನ್ ಬೇಕಾಗೋದು ಟ್ರಾಫಿಕ್ಕಿನಲ್ಲಿ ನಿಂತಾಗ, ಮತ್ತೆ ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತಾ ಏರು ಹತ್ತುವಾಗ. ಬೆಲ್ಟ್ ಫ್ಯಾನು ಇಂಜಿನ್ ಜೊತೆಗೇ ತಿರುಗುತ್ತೆ. ಅದರ ಮೂತಿಯಲ್ಲಿರುವ ವಿಸ್ಕಸ್ ಕಪ್ಲಿಂಗ್‌ನಲ್ಲಿ ಸಿಲಿಕೋನ್ ಎಣ್ಣೆ ಇರುತ್ತೆ. ರೇಡಿಯೇಟರಿನಿಂದ ಬರುವ ಗಾಳಿ ಬಿಸಿಯಾದಾಗ ಅದು ಫ್ಯಾನನ್ನು ಬಿಗಿಯಾಗಿ ಹಿಡಿಯುತ್ತೆ, ತಣ್ಣಗಿದ್ದಾಗ ಸಡಿಲ ಬಿಡುತ್ತೆ. ವೈರಿಲ್ಲ, ಸ್ವಿಚ್ಚಿಲ್ಲ. ಘಾಟಿಗೆ ಇದಕ್ಕಿಂತ ನಂಬಿಕಸ್ಥ ವ್ಯವಸ್ಥೆ ನಾನು ಕಂಡಿಲ್ಲ.

ನಮ್ಮ ಭಾವನ ಗಾಡಿಯಲ್ಲಿ ಈ ಕಪ್ಲಿಂಗ್ ಕೆಟ್ಟಿತು. ಹೊಸದು ದುಬಾರಿ, ಎಲೆಕ್ಟ್ರಿಕ್ ಹಾಕಿಸಿಬಿಡಿ ಅಂದರಂತೆ ಗ್ಯಾರೇಜಿನವರು. ಹಾಕಿಯೂ ಕೊಟ್ಟರು. ಬ್ಯಾಟರಿಯಿಂದ ಒಂದು ವೈರು ನೇರವಾಗಿ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ, ಅಲ್ಲಿಂದ ಫ್ಯಾನಿಗೆ. ಆ ವೈರು ಯಾವುದು ಅಂತೀರಿ? ಮನೆಯಲ್ಲಿ ಬಲ್ಬಿಗೆ ಎಳೆಯುತ್ತಾರಲ್ಲ, ಅದೇ 1 ಚದರ ಮಿಲಿಮೀಟರ್ ವೈರು! ಫ್ಯೂಸ್ ಇಲ್ಲವೇ ಇಲ್ಲ. ಎರಡು ತಿಂಗಳು ಎಲ್ಲಾ ಚೆನ್ನಾಗಿತ್ತು. ಆಮೇಲೊಂದು ಮಳೆಯ ರಾತ್ರಿ ಗೊಬ್ಬರದ ಮೂಟೆ ಹೇರಿಕೊಂಡು ಚಾರ್ಮಾಡಿ ಹತ್ತುತ್ತಿದ್ದರು. ಹೆಡ್‌ಲೈಟು, ವೈಪರ್ ಎಲ್ಲಾ ಆನ್, ಮುಂದೆ ಒಂದು ಲಾರಿ ತೆವಳುತ್ತಿತ್ತು. ಟೆಂಪರೇಚರ್ ಮುಳ್ಳು ಮೇಲೇರತೊಡಗಿತು, ಜೊತೆಗೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಸ್ವಿಚ್ ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತಂತೆ. ಭಾವ ಹಳೇ ಕೈ, ತಕ್ಷಣ ತಿರುವಿನಲ್ಲಿ ಜಾಗ ನೋಡಿ ನಿಲ್ಲಿಸಿ ಬ್ಯಾಟರಿ ಟರ್ಮಿನಲ್ ಕಿತ್ತರು. ಇಂಜಿನ್ ಉಳಿಯಿತು. ಹೆಡ್ ಬೆಂಡಾಗಿದ್ದರೆ ಆ ತಿಂಗಳ ಕಂತು ಕಟ್ಟೋದು ಹೋಗಲಿ, ಅಕ್ಕನ ಬಳೆ ಅಡವಿಡಬೇಕಾಗುತ್ತಿತ್ತು. ವೈರು ಹೊತ್ತಿಕೊಂಡಿದ್ದರೆ... ಆ ಮಾತು ಬೇಡ.

ಈಗ ಲೆಕ್ಕ ನೋಡಿ. ಆ ಫ್ಯಾನು ತಿನ್ನೋದು ಸುಮಾರು 25 ಆಂಪಿಯರ್. 12 ವೋಲ್ಟ್ ಅಂದರೆ 300 ವ್ಯಾಟ್. ಸ್ಟಾರ್ಟ್ ಆಗುವ ಕ್ಷಣದಲ್ಲಂತೂ ಅದರ ಎರಡು ಮೂರು ಪಟ್ಟು ಕರೆಂಟ್ ಎಳೆಯುತ್ತೆ. 1 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ 3 ಮೀಟರ್ ದೂರ ಇಷ್ಟು ಕರೆಂಟ್ ಹರಿದರೆ ದಾರಿಯಲ್ಲೇ ಸುಮಾರು 1.3 ವೋಲ್ಟ್ ಸೋರಿಹೋಗುತ್ತೆ. ಆ ಸೋರಿಕೆ 32 ವ್ಯಾಟ್ ಬಿಸಿಯಾಗುತ್ತೆ. ಅಂದರೆ ಒಂದು ಸೋಲ್ಡರಿಂಗ್ ಕಡ್ಡಿಯನ್ನು ಡ್ಯಾಶ್‌ಬೋರ್ಡಿನ ಹಿಂದೆ ಬಚ್ಚಿಟ್ಟ ಹಾಗೆ! ಮನೆ ವೈರಿನ ಪಿವಿಸಿ ಹೊದಿಕೆ ಸಾಮಾನ್ಯವಾಗಿ 70 ಡಿಗ್ರಿಗೆ ಲೆಕ್ಕ ಹಾಕಿ ಮಾಡಿದ್ದು, ಬಾನೆಟ್ ಒಳಗಿನ ಬಿಸಿಗಲ್ಲ. ಇನ್ನು ವೋಲ್ಟೇಜ್ ಇಳಿದರೆ ಫ್ಯಾನ್ ನಿಧಾನವಾಗುತ್ತೆ. ಹೀಗಾಗಿ ತಣ್ಣಗಿಡಬೇಕಾದ ಹೊತ್ತಿಗೆ ಸರಿಯಾಗಿ ಅದು ಕೈಕೊಡುತ್ತೆ.

ಇದಕ್ಕೆ ಮದ್ದು ಬೆಂಕಿಪೊಟ್ಟಣದಷ್ಟೂ ಇಲ್ಲದ ರಿಲೇ. ಅದರ ಕಾಲುಗಳ ಮೇಲೆ 30, 85, 86, 87 ಅಂತ ಬರೆದಿರುತ್ತೆ, ಜರ್ಮನಿಯ ಡಿನ್ ಮಾನಕದ ಸಂಖ್ಯೆಗಳು. 30ಕ್ಕೆ ಬ್ಯಾಟರಿ, 87ಕ್ಕೆ ಫ್ಯಾನ್. 85, 86 ಒಳಗಿನ ಕಾಯಿಲ್‌ನ ಎರಡು ತುದಿ. ಕಾಯಿಲ್‌ಗೆ ಬೇಕಾಗೋದು ಒಂದು ಆಂಪಿಯರಿನ ಐದನೇ ಒಂದು ಭಾಗವೂ ಅಲ್ಲ. ಅಷ್ಟು ಸಣ್ಣ ಕರೆಂಟನ್ನು ಮಾತ್ರ ಡ್ಯಾಶ್‌ಬೋರ್ಡಿಗೆ ತನ್ನಿ, 25 ಆಂಪಿಯರಿನ ಗೂಳಿ ಬಾನೆಟ್ ಒಳಗೇ ಓಡಾಡಿಕೊಂಡಿರಲಿ. ಕಂಪ್ಯೂಟರ್ ಜನಕ್ಕೆ ಹೇಳಬೇಕಂದ್ರೆ, ರಿಮೋಟ್ ಲಾಗಿನ್ ಇದ್ದ ಹಾಗೆ :-)

ಮುಂದಿನ ಭಾನುವಾರ ನಾನೂ ಅಕ್ಕನ ಮಗನೂ ಕೂತು ಎಲ್ಲ ಬಿಚ್ಚಿ ಹೊಸದಾಗಿ ಮಾಡಿದೆವು. 6 ಚದರ ಮಿಲಿಮೀಟರ್ ವೈರು (ಸೋರಿಕೆ 0.2 ವೋಲ್ಟಿಗೆ ಇಳಿಯಿತು), 40 ಆಂಪಿಯರ್ ರಿಲೇ, ಬ್ಯಾಟರಿಯಿಂದ ಒಂದು ಗೇಣಿನೊಳಗೆ 40 ಆಂಪಿಯರ್ ಫ್ಯೂಸ್. ಫ್ಯೂಸ್ ಇರೋದು ವೈರನ್ನು ಕಾಯೋಕೆ, ಫ್ಯಾನನ್ನಲ್ಲ. ಅದಕ್ಕೇ ಅದು ಬ್ಯಾಟರಿ ಹತ್ತಿರ ಇರಬೇಕು. ಅರ್ತ್ ಕೊಡುವ ಜಾಗದಲ್ಲಿ ಪೇಂಟ್ ಕೆರೆದು ಲೋಹ ಕಾಣಿಸಿದೆವು. ಕಾಯಿಲ್‌ಗೆ ಕರೆಂಟು ಕೀ ಆನ್ ಇದ್ದಾಗ ಮಾತ್ರ. ಫ್ಯಾನ್ ತಾನಾಗೇ ಶುರುವಾಗಲು 92 ಡಿಗ್ರಿಗೆ ಆನ್, 87ಕ್ಕೆ ಆಫ್ ಆಗುವ ಥರ್ಮೋ ಸ್ವಿಚ್ ಹಾಕಿದೆವು. ಗಾಡಿಯ ಥರ್ಮೋಸ್ಟಾಟ್ ತೆರೆಯೋದು 82ಕ್ಕೆ. ಅದಕ್ಕಿಂತ ಕೆಳಗೆ ಆಫ್ ಆಗೋ ಹಾಗೆ ಇಟ್ಟರೆ ಫ್ಯಾನ್ ನಿಲ್ಲೋದೇ ಇಲ್ಲ. ಅದರ ಪಕ್ಕಕ್ಕೇ ಒಂದು ಕೈ ಸ್ವಿಚ್ಚೂ ಇದೆ, ಘಾಟಿ ಬುಡದಲ್ಲೇ ಆನ್ ಮಾಡಿಕೊಳ್ಳೋಕೆ. ಸಾಮಾನಿಗೆ ಸಾವಿರ ರೂಪಾಯಿಯೂ ಮುಟ್ಟಲಿಲ್ಲ.

ಮೈಲೇಜಿನ ಮಾತು. ಬಯಲುಸೀಮೆಯ ಹೈವೇಯಲ್ಲಿ ಖಾಲಿ ಓಡುವ ಗಾಡಿಗೆ ಒಂದಿಷ್ಟು ಉಳಿತಾಯ ಆಗಬಹುದು, ಇಲ್ಲ ಅನ್ನಲ್ಲ. ಆದರೆ ಘಾಟಿಯಲ್ಲಿ ಆ 300 ವ್ಯಾಟನ್ನು ಆಲ್ಟರ್ನೇಟರ್ ಕೊಡಬೇಕು, ಆಲ್ಟರ್ನೇಟರನ್ನು ತಿರುಗಿಸೋದು ಅದೇ ಇಂಜಿನ್. ಪುಕ್ಕಟೆ ಏನೂ ಬರಲಿಲ್ಲ. ಹೆಡ್‌ಲೈಟಿನ 10 ಆಂಪಿಯರ್ ಜೊತೆ ಇದೂ ಸೇರಿದರೆ, ಜಾಮ್‌ನಲ್ಲಿ ನಿಂತಾಗ ಹಳೇ ಆಲ್ಟರ್ನೇಟರ್ ಬ್ಯಾಟರಿಯ ಜೇಬಿಗೆ ಕೈ ಹಾಕುತ್ತೆ.

ಹಾಗಂತ ಎಲೆಕ್ಟ್ರಿಷಿಯನ್ನರನ್ನು ಮಾತ್ರ ಬಯ್ಯೋದು ನನಗೆ ಇಷ್ಟವಿಲ್ಲ. "ರಿಲೇ ಹಾಕ್ಲಾ?" ಅಂತ ಕೇಳಿದರೆ "ಅದ್ಯಾಕೆ, ಕಮ್ಮಿ ಮಾಡಿ" ಅನ್ನುವವರು ನಾವೇ. ಇನ್ನೊಂದು ವಿಷಯ. ಅವರಲ್ಲಿ ಎಷ್ಟೋ ಜನ ಉಸ್ತಾದರ ಕೈಕೆಳಗೆ ನೋಡಿ ಕಲಿತವರು. 87 ಗೊತ್ತು, ಯಾಕೆ 87 ಅಂತ ಗೊತ್ತಿಲ್ಲ. ಓದಿ ತಿಳಿಯೋಣ ಅಂದ್ರೆ ಎಲ್ಲಾ ಇಂಗ್ಲಿಷಿನಲ್ಲಿದೆ. ನಾವಿಲ್ಲಿ ಕನ್ನಡ ಬೆಳೆಸೋಣ ಅಂತ ಪುಟಗಟ್ಟಲೆ ಕುಟ್ಟುತ್ತೇವೆ, ಸ್ಪ್ಯಾನರ್ ಹಿಡಿದವನಿಗೆ ಬೇಕಾದ ಒಂದು ಪುಟ ಬರೆಯೋಕೆ ಮಾತ್ರ ಬೇಜಾರು. ವೈರಿಂಗ್ ಚಿತ್ರವನ್ನು ಕನ್ನಡದಲ್ಲೇ ಗುರುತು ಹಾಕಿ ಅದೇ ಗ್ಯಾರೇಜಿನವರಿಗೆ ಕೊಟ್ಟು ಬಂದೆ. ಗೋಡೆಗೆ ಅಂಟಿಸಿದ್ದಾರೆ ಅಂತ ಅಕ್ಕನ ಮಗ ಹೇಳಿದ.

ಭಾವ ಹೊಸ ವಿಸ್ಕಸ್ ಕಪ್ಲಿಂಗಿಗೆ ದುಡ್ಡು ಕೂಡಿಸುತ್ತಿದ್ದಾರೆ. ಎಲೆಕ್ಟ್ರಿಕ್ ಫ್ಯಾನನ್ನು ಆಮೇಲೆ ರೇಡಿಯೇಟರಿನ ಮುಂದೆ ಹಾಕಿ, ವೈರ್ ಅದಲು ಬದಲು ಮಾಡಿ ಉಲ್ಟಾ ತಿರುಗಿಸಬಹುದಾ ಅಂತ ಕೇಳಿದರು. ತಿರುಗುತ್ತೆ, ಆದರೆ ಎಲೆಗಳ ಬಾಗು ಹಿಂದಿನಿಂದ ಎಳೆಯೋಕೆ ಮಾಡಿದ್ದು, ಮುಂದಿನಿಂದ ತಳ್ಳಿದರೆ ಅರ್ಧಂಬರ್ಧ ಗಾಳಿ. ಮುಂದೆ ಹಾಕೋಕೆ ಅಂತಲೇ ಬೇರೆ ಫ್ಯಾನ್ ಸಿಗುತ್ತೆ ಅಂದೆ. "ಮತ್ತೆ ಖರ್ಚಾ?" ಅಂದರು :-)