ಶಾಲು ಹೊದೆಸಿದ್ವಿ, ಮೈಕ್ ಕೊಡಲಿಲ್ಲ

2022ರ ಆಗಸ್ಟ್‌ನಲ್ಲಿ ನಾವು ಮೂವರೂ ಫಸ್ಟ್ ಪಿಯು. ಒಬ್ಬ ಸಾಗರದಲ್ಲಿ, ಒಬ್ಬಳು ಹೊಸನಗರದಲ್ಲಿ, ಇನ್ನೊಬ್ಬ ತೀರ್ಥಹಳ್ಳಿಯಲ್ಲಿ. ಆಗ ಒಬ್ಬರಿಗೊಬ್ಬರ ಪರಿಚಯ ಇರಲಿಲ್ಲ. ಈಗ ಕ್ಯಾಂಟೀನ್‌ನಲ್ಲಿ ಕೂತು ಹೋಲಿಸಿ ನೋಡಿದರೆ, ಮೂರೂ ಕಡೆ ನಾವು ನೋಡಿದ ಸ್ವಾತಂತ್ರ್ಯದ ಅಮೃತ ಮಹೋತ್ಸವ ಒಂದೇ ಅಚ್ಚಿನದ್ದು. ಪ್ರಭಾತ ಫೇರಿ, ಮನೆಮನೆಗೂ ಬಾವುಟ, ಗಾಂಧಿ ವೇಷ, ಭಗತ್ ಸಿಂಗ್ ವೇಷ, ಕ್ವಿಜ್. ಕೊನೆಯಲ್ಲಿ ಊರಿನ ಹಿರಿಯರೊಬ್ಬರನ್ನು ಸ್ಟೇಜಿಗೆ ಕರೆದು ಶಾಲು, ಹಾರ, ಹಣ್ಣಿನ ಬುಟ್ಟಿ. ನಮ್ಮಲ್ಲೊಬ್ಬನ ಕಾಲೇಜಿನಲ್ಲಿ ಆ ಅಜ್ಜ ಕೈಮುಗಿದು ಏನೋ ಹೇಳೋಕೆ ಬಾಯಿ ತೆರೆದಿದ್ದರು. ಅಷ್ಟರಲ್ಲಿ ಮುಂದಿನ ಡ್ಯಾನ್ಸಿನ ಹಾಡು ಶುರುವಾಯ್ತು. ಅಜ್ಜ ನಕ್ಕು ಕೆಳಗಿಳಿದರು. ನಾವೂ ಚಪ್ಪಾಳೆ ಹೊಡೆದ್ವಿ.

ಕಾರ್ಯಕ್ರಮ ಮಾಡಿದ್ದೇ ತಪ್ಪು ಅಂತ ನಾವು ಹೇಳ್ತಿಲ್ಲ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ಎಂಬ ಹಳ್ಳಿ ತಾನು ಸ್ವತಂತ್ರ ಅಂತ ಘೋಷಿಸಿಕೊಂಡಿದ್ದು, 1943ರಲ್ಲಿ ಆ ಊರಿನ ಐವರು ಗಲ್ಲಿಗೇರಿದ್ದು ನಮಗೆ ಸರಿಯಾಗಿ ತಿಳಿದದ್ದು ಇಂಥ ಭಾಷಣಗಳಿಂದಲೇ. ನಮ್ಮ ತಕರಾರು ಬೇರೆ. ಈ ಕಾರ್ಯಕ್ರಮಗಳಲ್ಲಿ ಇತಿಹಾಸ 1947ರ ಆಗಸ್ಟ್ 15ರ ಬೆಳಿಗ್ಗೆ ಬಾವುಟ ಹಾರಿಸಿ, ಸಿಹಿ ಹಂಚಿ ಮನೆಗೆ ಹೋಗಿಬಿಡುತ್ತೆ. ನಮ್ಮ ಮೂರು ತಾಲ್ಲೂಕುಗಳಲ್ಲಿ ನಿಜವಾದ ಕಥೆ ಶುರುವಾಗೋದೇ ಅಲ್ಲಿಂದ.

ಕಾಗೋಡು ತಗೊಳ್ಳಿ. ಸಾಗರ ತಾಲ್ಲೂಕಿನ ಊರು. ನಮ್ಮಲ್ಲಿ ಸಾಗರದವನಿಗೇ ಆ ಹೆಸರು ಗೊತ್ತಿದ್ದದ್ದು ರಾಜಕಾರಣಿಯೊಬ್ಬರ ಹೆಸರಿನ ಭಾಗವಾಗಿ ಮಾತ್ರ. ಅಲ್ಲಿ 1951ರ ಏಪ್ರಿಲ್ 18ರಂದು ಗೇಣಿ ರೈತರು, ಹೆಚ್ಚಿನವರು ದೀವರು, ಸತ್ಯಾಗ್ರಹಕ್ಕೆ ಇಳಿದರು. ಮುಂದೆ ನಿಂತವರು ಎಚ್. ಗಣಪತಿಯಪ್ಪ. ಜಗಳದ ಒಂದು ಮೂಲ ಕೊಳಗ, ಅಂದರೆ ಗೇಣಿ ಭತ್ತ ಅಳೆಯುವ ಪಾತ್ರೆ. ಒಡೆಯರ ಮನೆ ಕೊಳಗ ಸರ್ಕಾರದ ಅಳತೆಗಿಂತ ದೊಡ್ಡದು ಅನ್ನೋದು ರೈತರ ದೂರು. ನಮಗೆ ಲ್ಯಾಬ್‌ನಲ್ಲಿ ಅಳತೆ ತಪ್ಪಿದರೆ ಎರಡು ಮಾರ್ಕ್ಸ್ ಹೋಗುತ್ತೆ. ಅಲ್ಲಿ ಅಳತೆ ತಪ್ಪಿದರೆ ಮನೆ ಮಂದಿಯ ಮಳೆಗಾಲದ ಊಟ ಹೋಗ್ತಿತ್ತು. ರೈತರು ತಂಡ ತಂಡವಾಗಿ ನೇಗಿಲು ಹಿಡಿದು ಗದ್ದೆಗಿಳಿದರು, ತಂಡ ತಂಡವಾಗಿ ಜೈಲಿಗೆ ಹೋದರು. ಸಮಾಜವಾದಿ ಪಕ್ಷ ಜೊತೆಗೆ ನಿಂತಿತು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದರು, ಸಾಗರದ ರೈಲ್ವೆ ಸ್ಟೇಷನ್ನಿನಲ್ಲಿ ಬಂಧನವೂ ಆಯ್ತು. ಬಂಧಿಸಿದ್ದು ಬ್ರಿಟಿಷರಲ್ಲ. ದೇಶ ಗಣರಾಜ್ಯವಾಗಿ ಒಂದು ವರ್ಷ ಕಳೆದಿತ್ತು.

ಇನ್ನು ಶಾಂತವೇರಿ ಗೋಪಾಲಗೌಡರು. ತೀರ್ಥಹಳ್ಳಿ ತಾಲ್ಲೂಕಿನ ಆರಗದವರು, 1923ರಲ್ಲಿ ಹುಟ್ಟಿದವರು. 1942ರ ಚಳವಳಿಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಜೈಲು ಕಂಡರು, ಅಂದರೆ ಸುಮಾರು ನಮ್ಮ ವಯಸ್ಸಿನಲ್ಲಿ. ಒಂಬತ್ತು ವರ್ಷದ ಮೇಲೆ ಕಾಗೋಡಿನ ಹೋರಾಟದಲ್ಲಿದ್ದರು. 1952ರ ಚುನಾವಣೆಯಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದು ವಿಧಾನಸಭೆಗೆ ಹೋದರು. ನಮ್ಮ ಕ್ವಿಜ್‌ನ ಲೆಕ್ಕದಲ್ಲಿ ಇವರು ಅರ್ಧ ಜೀವನದ ಮನುಷ್ಯ. 1942ರ ಜೈಲಿಗೆ ಅಂಕ ಇದೆ, 1951ಕ್ಕೆ ಇಲ್ಲ. ಅವರನ್ನು ಕೇಳಿದ್ದರೆ ಎರಡೂ ಒಂದೇ ಕೆಲಸ ಅಂತಿದ್ದರೇನೋ. ಕಾಕತಾಳೀಯ ನೋಡಿ, ಅಮೃತ ಮಹೋತ್ಸವ ಮುಗಿದ 2023 ಅವರ ಜನ್ಮಶತಮಾನದ ವರ್ಷವೂ ಹೌದು.

ಇದೆಲ್ಲ ಯಾಕೆ ಸ್ಟೇಜಿಗೆ ಬರಲ್ಲ ಅಂತ ನಾವು ತುಂಬಾ ದಿನ ವಾದ ಮಾಡಿದ್ದೇವೆ. ಉತ್ತರ ನಮ್ಮ ಮೂವರ ಮನೆಯಲ್ಲೇ ಇತ್ತು. 1974ರಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದಾಗ, ನಮ್ಮಲ್ಲೊಬ್ಬನ ಅಜ್ಜ ಫಾರಂ 7 ತುಂಬಿ, ತಾನು ಗೇಣಿಗೆ ಉಳುತ್ತಿದ್ದ ಗದ್ದೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡರು. ಇನ್ನೊಬ್ಬನ ಅಜ್ಜನ ಮನೆಯ ಗದ್ದೆ ಅದೇ ಫಾರಂ 7ರಲ್ಲಿ ಹೋಯ್ತು. ಅವರ ಮನೆಯಲ್ಲಿ ಅದನ್ನು 'ಹೋಯ್ತು' ಅಂತಾರೆ, ಇವರ ಮನೆಯಲ್ಲಿ 'ಬಂತು' ಅಂತಾರೆ. ಈಗ ಇಬ್ಬರೂ ಒಂದೇ ಹಾಸ್ಟೆಲ್ ರೂಮಲ್ಲಿ ಒಂದೇ ಚಾರ್ಜರ್ ಬಳಸ್ತಾರೆ. ಈ ವಿಷಯ ಮೊದಲ ಸಲ ಬಾಯಿಗೆ ಬಂದ ರಾತ್ರಿ ರೂಮಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬ್ರಿಟಿಷರನ್ನು ಬಯ್ಯೋದು ಸುಲಭ, ಅವರು ಸಭೆಯಲ್ಲಿ ಕೂತಿರಲ್ಲ. ಕಾಗೋಡಿನ ಕಥೆ ಹೇಳಿದರೆ ಎರಡೂ ಕಡೆಯ ಮೊಮ್ಮಕ್ಕಳು ಮುಂದಿನ ಸಾಲಲ್ಲೇ ಇರ್ತಾರೆ.

ಮೂರನೆಯವಳ ಮನೆ ಕಥೆ ಗದ್ದೆ ಬಂದದ್ದೂ ಅಲ್ಲ, ಹೋದದ್ದೂ ಅಲ್ಲ, ಮುಳುಗಿದ್ದು. 2023ರ ಆಗಸ್ಟ್‌ನಲ್ಲಿ 'ನನ್ನ ಮಣ್ಣು ನನ್ನ ದೇಶ' ಅಭಿಯಾನ ನಡೆಯಿತಲ್ಲ, ಊರೂರಿನ ಮಣ್ಣನ್ನು ಕಲಶದಲ್ಲಿ ತುಂಬಿ ದೆಹಲಿಗೆ ಕಳಿಸಿದ್ದು? ಅವಳು ಮನೆಗೆ ಬಂದು ಅಜ್ಜಿಯ ಹತ್ತಿರ, ನಮ್ಮೂರಿನ ಮಣ್ಣು ಬೇಕಂತೆ ಅಂದಳು. ಅಜ್ಜಿ ಕೇಳಿದ್ದು ಇಷ್ಟೇ: "ಯಾವ ಊರಿಂದು ಮಾರಾಯ್ತಿ? ನಮ್ಮೂರು ನೀರಡಿಗೆ ಇದ್ಯಲ." 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳನ್ನು ನುಂಗುತ್ತಾ ಬಂದಾಗ ಅಜ್ಜಿಗೆ ಹತ್ತು ವರ್ಷ. ಆ ನೀರು ಜನರನ್ನಷ್ಟೇ ಎಬ್ಬಿಸಲಿಲ್ಲ, 1948ರಲ್ಲಿ ಮುಗಿದಿದ್ದ ಹಿರೇಭಾಸ್ಕರ ಅಣೆಕಟ್ಟನ್ನೂ ಮುಳುಗಿಸಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದು ಮೇಲೆ ಕಾಣುತ್ತೆ, ಜನ ಹೋಗಿ ಸೆಲ್ಫಿ ತಗೊಂಡು ಬರ್ತಾರೆ. ಎಲೆಕ್ಟ್ರಿಕಲ್ ಓದುವ ನಮಗೆ ಶರಾವತಿಯ ಟರ್ಬೈನ್ ಪೆಲ್ಟನ್ ವೀಲ್ ಅಂತ ಗೊತ್ತು. ಆ ವಿದ್ಯುತ್ತಿಗಾಗಿ ಮನೆ ಬಿಟ್ಟವರಲ್ಲಿ ಎಷ್ಟೋ ಕುಟುಂಬಗಳು ಅರವತ್ತು ವರ್ಷ ಕಳೆದರೂ ಹಕ್ಕುಪತ್ರಕ್ಕೆ ಕಚೇರಿ ಅಲೀತಿವೆ ಅನ್ನೋದು ಯಾವ ಯೂನಿಟ್‌ನಲ್ಲೂ ಬರಲ್ಲ. ದೇಶಕ್ಕೆ ತನ್ನ ಊರಿನ ಮಣ್ಣನ್ನೇ ಕೊಟ್ಟವರು ಅವರು, ಕಲಶದಲ್ಲಲ್ಲ, ಇಡೀ ಊರನ್ನು. ಆದರೆ ಅವತ್ತಿನ ಕಾರ್ಯಕ್ರಮದಲ್ಲಿ ಅವರ ಸುದ್ದಿಯೇ ಇರಲಿಲ್ಲ.

"ಹಳೇ ಗಾಯ ಯಾಕೆ ಕೆದಕ್ತೀರಾ" ಅಂತ ಈಗಾಗಲೇ ಒಬ್ಬ ಸೀನಿಯರ್ ಕೇಳಿದ್ದಾರೆ. ಅವರ ಮಾತಲ್ಲಿ ಅರ್ಥ ಇಲ್ಲದೆ ಇಲ್ಲ. ಗದ್ದೆ ಕಳೆದುಕೊಂಡವರೆಲ್ಲ ದೊಡ್ಡ ಜಮೀನ್ದಾರರೂ ಆಗಿರಲಿಲ್ಲ, ನಮ್ಮ ಗೆಳೆಯನ ಮನೆಯಲ್ಲಿ ಆಮೇಲೆ ಕಷ್ಟದ ವರ್ಷಗಳು ಬಂದವು. ಅದಕ್ಕೇ ಅವನ ಅಜ್ಜನ ಮಾತೂ ರೆಕಾರ್ಡ್ ಆಗಬೇಕು ಅನ್ನೋದು ನಮ್ಮ ಹಟ. ಆದರೆ ಮುಚ್ಚಿಟ್ಟು ಯಾರಿಗೂ ಉಪಕಾರ ಆಗಿಲ್ಲ. ನಮಗಂತೂ ಹತ್ತೊಂಬತ್ತು ವರ್ಷ ನಮ್ಮ ಮನೆಯೇ ಅರ್ಥ ಆಗಿರಲಿಲ್ಲ.

ನಮ್ಮ ತಪ್ಪೂ ಇದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವು ಬಾಸ್ಟನ್ ಟೀ ಪಾರ್ಟಿ ಮೇಲೆ ಎರಡು ಪುಟ ಬರೆದಿದ್ದೇವೆ. ಕೊಳಗ ಅಂದರೆ ಏನು ಅಂತ ಗೂಗಲ್ ಮಾಡಬೇಕಾಯ್ತು, ಅಜ್ಜನನ್ನು ಕೇಳಬಹುದು ಅಂತ ತಲೆಗೇ ಹೋಗಲಿಲ್ಲ. ಅವರು ಮಾತಾಡುವಾಗ ನಾವು ಫೋನ್ ನೋಡ್ತಾ "ಹೂಂ" ಅಂದಿದ್ದೇ ಹೆಚ್ಚು.

ಈ ಏಪ್ರಿಲ್ 18ಕ್ಕೆ ಕಾಗೋಡಿಗೂ 75 ವರ್ಷ. 1951ರಲ್ಲಿ ಇಪ್ಪತ್ತರ ಹರೆಯದಲ್ಲಿ ನೇಗಿಲು ಹಿಡಿದವರು ಈಗ ಇದ್ದರೆ ತೊಂಬತ್ತೈದು. ಮುಳುಗಡೆ ನೆನಪಿರುವವರು ಎಪ್ಪತ್ತು ದಾಟಿದ್ದಾರೆ. ಕನ್ನಡ ಸಂಘದಿಂದ ನಾವು ಕೇಳ್ತಿರೋದು ದೊಡ್ಡದೇನಲ್ಲ. ರಾಜ್ಯೋತ್ಸವದ ಡಿಜೆಗೆ ಇಡೋ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಎರಡು ಕಾಲರ್ ಮೈಕ್ ತಗೊಳ್ಳೋಣ. ಸೆಮ್ ಮುಗಿದು ಊರಿಗೆ ಹೋಗುವವರು ಒಂದೊಂದು ಮನೆಯಲ್ಲಿ ಒಂದು ಗಂಟೆ ಕೂತು ಕೇಳಿಸಿಕೊಳ್ಳಲಿ, ಕೇಳಿದ್ದನ್ನು ಅವರದೇ ಮಾತಲ್ಲಿ ಈ ಪತ್ರಿಕೆಗೆ ಬರೆದುಕೊಡಲಿ. ಬರೆಯೋಕೆ ಬರಲ್ಲ ಅಂದವರು ಆಡಿಯೋ ಕಳಿಸಿ, ನಾವು ಟೈಪ್ ಮಾಡ್ತೇವೆ.

ಹೊಸನಗರದ ಅಜ್ಜಿಗೆ ಈಗಾಗಲೇ ಹೇಳಿಟ್ಟಿದ್ದೇವೆ. ಮಧ್ಯಾಹ್ನ ಊಟ ಆದ ಮೇಲೆ ಬನ್ನಿ, ಸಂಜೆ ಧಾರಾವಾಹಿ ಇರ್ತದೆ ಅಂದಿದ್ದಾರೆ.