ಬಾಲದ ಬಗ್ಗೆ ಮಾತಾಡುವ ಮೊದಲು

ಬೆಂಗಳೂರಿನ ಒಂದು ಈಜುಕೊಳದಲ್ಲಿ ಮತ್ಸ್ಯಕನ್ಯೆಯ ಬಾಲ ತೊಟ್ಟು ಈಜಿದ ನನ್ನ ಹದಿನೈದು ಸೆಕೆಂಡಿನ ವಿಡಿಯೋ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹೋಗಿ ಬಿತ್ತು. ಯಾರು ಹಾಕಿದರೆಂದು ಗೊತ್ತು, ಹೇಳುವುದಿಲ್ಲ. "ಎರಡು ಮಕ್ಕಳ ತಾಯಿಗೆ ಇದು ಬೇಕಿತ್ತಾ?" ಎಂದು ದೊಡ್ಡ ಮಾವ ಕೇಳಿದರು. ಇನ್ನೊಬ್ಬರು ಸರ್ಕಸ್ ಎಂದರು. ಉಮ್ಮ ಮಾತ್ರ ಫೋನ್ ಮಾಡಿ, "ನೀರು ತಣ್ಣಗಿತ್ತಾ?" ಎಂದು ಕೇಳಿದರು. ಗ್ರೂಪಿನಲ್ಲಿ ನಾನು ಉತ್ತರಿಸಲಿಲ್ಲ. ಇಲ್ಲಿ ಉತ್ತರಿಸುತ್ತೇನೆ.

ಮೊದಲು ಮರ್ಯಾದೆಯ ಪ್ರಶ್ನೆ. ನಾನು ತೊಟ್ಟಿದ್ದು ತುಂಬುತೋಳಿನ ಈಜುಡುಗೆ, ತಲೆಗೆ ಟೋಪಿ, ಸೊಂಟದಿಂದ ಕಾಲ್ಬೆರಳವರೆಗೆ ಬಾಲ. ಮುಖ, ಅಂಗೈ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಹಾಗಾದರೆ ಮಾವನಿಗೆ ಚುಚ್ಚಿದ್ದು ಯಾವುದು? ವಿಡಿಯೋದಲ್ಲಿ ನಾನು ಬಾಯಿತುಂಬ ನಗುತ್ತಿದ್ದೆ. ಅದೇ ಇರಬೇಕು. 2016ರಲ್ಲಿ ಫ್ರಾನ್ಸಿನ ಕಾನ್, ನೀಸ್ ಮುಂತಾದ ಊರುಗಳು ಬುರ್ಕಿನಿ ತೊಟ್ಟ ಹೆಂಗಸರಿಗೆ ಕಡಲತೀರದಲ್ಲಿ ನಿಷೇಧ ಹಾಕಿದಾಗ ಇದೇ ಗಂಡಸರು ಎಷ್ಟು ಸಿಟ್ಟಾಗಿದ್ದರು! ಹೆಂಗಸರಿಗೆ ನೀರಿಗಿಳಿಯುವ ಹಕ್ಕು ಫ್ರಾನ್ಸಿನಲ್ಲಿ ಬೇಕು, ಉಳ್ಳಾಲದಲ್ಲಿ ಬೇಡ.

ಕೆಲವರು ನನ್ನ ಪರವಾಗಿ, "ಅದು ಆರೋಗ್ಯಕ್ಕೆ ಒಳ್ಳೆಯದಂತೆ" ಎಂದರು. ನಿಜವೇ. ಎರಡೂ ಪಾದಗಳನ್ನು ಒಂದೇ ರೆಕ್ಕೆಗೆ ಸಿಕ್ಕಿಸಿದ ಮೇಲೆ ಮೊಣಕಾಲಿನಿಂದ ಒದೆಯಲು ಬರುವುದಿಲ್ಲ. ಅಲೆ ಎದೆಯಿಂದ ಹುಟ್ಟಿ, ಹೊಟ್ಟೆ ದಾಟಿ, ತೊಡೆಗೆ ಇಳಿಯಬೇಕು. ಅರ್ಧ ಗಂಟೆ ಈಜಿದ್ದಕ್ಕೆ ಎರಡು ದಿನ ಹೊಟ್ಟೆಯ ಸ್ನಾಯುಗಳು ನೊಂದವು. ಬಾಲ ತೊಟ್ಟು ಬೆಳ್ಳಿತೆರೆಯಲ್ಲಿ ಹೆಸರಾದ ಆಸ್ಟ್ರೇಲಿಯಾದ ಆನೆಟ್ ಕೆಲ್ಲರ್‌ಮನ್ ಈಜು ಕಲಿತದ್ದೇ ಬಾಲ್ಯದಲ್ಲಿ ಕಾಲಿಗೆ ಬಲವಿರಲಿಲ್ಲವೆಂದು. 1911ರಲ್ಲಿ ಆಕೆ ಮತ್ಸ್ಯಕನ್ಯೆಯಾಗಿ ಸಿನಿಮಾದಲ್ಲಿ ಬಂದಳು. ಆದರೂ ಆರೋಗ್ಯದ ಸಬೂಬು ನನಗೆ ಬೇಡ. ನಮ್ಮ ಗಂಡಸರು ಸಂಜೆ ವಾಲಿಬಾಲ್ ಆಡುವಾಗ ಯಾರಾದರೂ ಡಾಕ್ಟರ ಚೀಟಿ ಕೇಳುತ್ತಾರಾ? ನನಗೆ ಖುಷಿಯಾಯಿತು, ಈಜಿದೆ.

ಒಂದು ಮಾತು ಮಾತ್ರ ಒಪ್ಪುತ್ತೇನೆ. ಬಾಲ ಈಜು ಬಲ್ಲವರಿಗೆ ಮಾತ್ರ. ಸುಸ್ತಾದರೆ ಕಾಲೂರಿ ನಿಲ್ಲುವಂತಿಲ್ಲ, ಬಾಲ ಕಳಚಲು ಮೊದಲೇ ಕಲಿತಿರಬೇಕು, ಪಕ್ಕದಲ್ಲಿ ಕಣ್ಣಿಡುವವರು ಇರಲೇಬೇಕು. ಕೆನಡಾದ ಎಡ್ಮಂಟನ್ ನಗರ 2015ರಲ್ಲಿ ತನ್ನ ಈಜುಕೊಳಗಳಲ್ಲಿ ಈ ಬಾಲಗಳನ್ನು ನಿಷೇಧಿಸಿತು. ಹುಟ್ಟುಹಬ್ಬದ ಉಡುಗೊರೆಯೆಂದು ಮಗುವಿಗೆ ಬಾಲ ಕೊಡಿಸುವವರ ಜೊತೆ ನನ್ನದೂ ಜಗಳವಿದೆ.

ಆದರೆ ಈಜು ಬಲ್ಲವರು ನಮ್ಮಲ್ಲಿ ಎಷ್ಟು ಜನ? ಒಂದು ಕಡೆ ಕಡಲು, ಇನ್ನೊಂದು ಕಡೆ ನೇತ್ರಾವತಿ ಇರುವ ಊರಲ್ಲಿ ಹುಟ್ಟಿದ ನಾನು ಮೂವತ್ತೊಂದು ವರ್ಷ ಈಜು ಬಾರದೆ ಬದುಕಿದೆ. ನನಗೆ ಕಲಿಸಿದವಳು ಹುಲಜಂತಿಯವಳು, ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳತಿ. ಹುಲಜಂತಿ ಇರುವುದು ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯಲ್ಲಿ, ನಮ್ಮ ಗಡಿಗೆ ತಾಗಿಕೊಂಡು. ಮನೆಮಾತು ಕನ್ನಡ, ಕಚೇರಿಯಲ್ಲಿ ಮರಾಠಿ. ಮಳೆ ನಂಬಿ ಜೋಳ ಬೆಳೆಯುವ ಬರದ ನಾಡು. ಅಲ್ಲಿ ಅವಳ ಅಪ್ಪ ಆರು ವರ್ಷದ ಮಗಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಹೊಲದ ಬಾವಿಗೆ ಇಳಿಸಿದ್ದರು. ಅವಳು ದೊಡ್ಡವಳಾದಾಗ ಊರವರು ಸಾಕು ನಿಲ್ಲಿಸು ಎಂದರಂತೆ. "ಬಾವಿಗೇನ್ ಗೊತ್ತ, ಬಿದ್ದಾಂವ ಹುಡುಗನೋ ಹುಡುಗಿನೋ?" ಎಂದು ಅವರು ತಿರುಗಿ ಕೇಳಿದರು.

ನನ್ನ ಏಳನೇ ತರಗತಿಯ ಗೆಳತಿಯೊಬ್ಬಳು ಮರುವಾಯಿ ಹೆಕ್ಕಲು ಹೊಳೆಗೆ ಇಳಿದವಳು ಮರಳಲಿಲ್ಲ. ದಡ ಹತ್ತು ಮಾರು ದೂರದಲ್ಲಿತ್ತು. ಅವಳ ಇಬ್ಬರು ಅಣ್ಣಂದಿರಿಗೆ ಈಜು ಬರುತ್ತಿತ್ತು, ಅವರು ಶಾಲೆಯಲ್ಲಿದ್ದರು. ಅಂದು ಎಲ್ಲರೂ ವಿಧಿ ಎಂದರು. ಮಕ್ಕಳಿಗೆ ಈಜು, ಬಿಲ್ಲುವಿದ್ಯೆ, ಕುದುರೆ ಸವಾರಿ ಕಲಿಸಿ ಎಂದು ಖಲೀಫಾ ಉಮರ್ ಅವರ ಹೆಸರಲ್ಲಿ ಹೇಳುವ ಮಾತನ್ನು ಭಾಷಣಗಳಲ್ಲಿ ಎಷ್ಟು ಸಲ ಕೇಳಿಲ್ಲ! ಅಲ್ಲಿ ಮಕ್ಕಳು ಎಂದರೆ ಗಂಡುಮಕ್ಕಳು ಮಾತ್ರ ಎಂದು ತಿದ್ದಿದವರು ಯಾರು?

ಮದುವೆ ಹಾಲ್‌ಗಳಿಗೆ ಲಕ್ಷಗಟ್ಟಲೆ ಎತ್ತುವ ನಮ್ಮ ಜಮಾಅತ್‌ಗಳು, ಶಾಲೆ ನಡೆಸುವ ಟ್ರಸ್ಟ್‌ಗಳು ಒಂದು ಕೊಳವನ್ನು ವಾರಕ್ಕೆ ಎರಡು ಗಂಟೆ ಬಾಡಿಗೆಗೆ ಹಿಡಿಯಲಿ. ಹೆಣ್ಣುಮಕ್ಕಳಿಗೆ ಮಾತ್ರ, ಕಲಿಸುವವಳೂ ಹೆಂಗಸು. ಬಾಲ ಬೇಡ, ಉಸಿರು ಬಿಡುವುದು, ತೇಲುವುದು, ದಡ ಸೇರುವುದು ಕಲಿಸಲಿ. ಅದನ್ನೂ ಮಾಡದವರು ನನ್ನ ಬಾಲದ ಬಗ್ಗೆ ಬಾಯಿ ಬಿಡಬಾರದು.

ಕಳೆದ ದೀಪಾವಳಿಗೆ ಮಹಾಲಿಂಗರಾಯನ ಜಾತ್ರೆ ನೋಡಲು ಹುಲಜಂತಿಗೆ ಹೋಗಿದ್ದೆ. ಬಾವಿಯಲ್ಲಿ ನೀರಿತ್ತು. ನನ್ನ ಏಳು ವರ್ಷದ ಮಗಳು ಮೂರು ದಿನ ಬುರುಡೆ ಕಟ್ಟಿಕೊಂಡು ಈಜಿದಳು. ಹೊರಡುವಾಗ ಗೆಳತಿಯ ಅವ್ವ ಎರಡು ಒಣ ಸೋರೆಬುರುಡೆ ಚೀಲಕ್ಕೆ ಹಾಕಿದರು. ಅವು ಈಗ ಉಳ್ಳಾಲದ ಮನೆಯ ಜಗಲಿಯಲ್ಲಿ ತೂಗುತ್ತಿವೆ. ಮೊನ್ನೆ ಬಂದ ದೊಡ್ಡ ಮಾವ, "ಬೀಜಕ್ಕಾ?" ಎಂದು ಕೇಳಿದರು. ಮಗಳೇ ಉತ್ತರ ಕೊಟ್ಟಳು.