ಮೆಚ್ಚುವ ಮಾತು, ತಿದ್ದುವ ಮಾತು



ವರ್ಷಕ್ಕೊಮ್ಮೆ ಸ್ನೇಹಸಮ್ಮೇಳನದ ಕಾಲದಲ್ಲಿ ನೀವು ಬರೆದ ಚಿತ್ರಗಳನ್ನು ಶಾಲೆಯ ಮೊಗಸಾಲೆಯ ಗೋಡೆಯ ಮೇಲೆ ತೂಗುಹಾಕುವುದು ರೂಢಿಯಾಗಿದೆ. ಆ ಗೋಡೆಯ ಮುಂದೆ ನಿಂತವರ ಮಾತುಗಳನ್ನು ಕಿವಿಗೊಟ್ಟು ಕೇಳಿದರೆ ಅವು ಬಹುಮಟ್ಟಿಗೆ ಎರಡೇ ಬಗೆಯವೆಂದು ತಿಳಿಯುತ್ತದೆ. "ಬಹಳ ಚೆನ್ನಾಗಿದೆ" ಎಂಬುದು ಒಂದು, "ಇದೇನು, ಕುದುರೆಯೋ ಕತ್ತೆಯೋ?" ಎಂಬುದು ಇನ್ನೊಂದು. ಈ ಎರಡು ಮಾತುಗಳಿಂದಲೂ ಚಿತ್ರ ಬರೆದವನಿಗೆ ಕವಡೆಯಷ್ಟೂ ಲಾಭವಿಲ್ಲ. ಮೊದಲನೆಯದನ್ನು ಕೇಳಿ ಅವನು ಏನನ್ನೂ ಕಲಿಯುವುದಿಲ್ಲ; ಎರಡನೆಯದನ್ನು ಕೇಳಿ ಕಲಿಯುವ ಆಸೆಯನ್ನೇ ಬಿಟ್ಟಾನು. ಹಾಗಾದರೆ ಒಬ್ಬರ ಕೈಕೆಲಸವನ್ನು ಕಂಡಾಗ ಆಡತಕ್ಕ ಮಾತು ಯಾವುದು? ನಾವು ಚಿತ್ರಕಲೆಯಲ್ಲಿ ಪಂಡಿತರಲ್ಲ. ಕನ್ನಡವನ್ನು ಕಲಿಸುವ ಕೆಲಸ ನಮ್ಮದು. ಆದರೆ ಇದು ಚಿತ್ರದ ಪ್ರಶ್ನೆಯಾಗಿರುವಷ್ಟೇ ಮಾತಿನ ಪ್ರಶ್ನೆಯೂ ಆಗಿರುವುದರಿಂದ ನಮ್ಮ ಅಭಿಪ್ರಾಯವನ್ನು ನಿಮ್ಮ ಮುಂದಿಡಲು ಮನಸ್ಸು ಮಾಡಿದ್ದೇವೆ.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಮಡಕೆಗೆ ಸಲ್ಲುವ ಈ ಮಾತು ಮಕ್ಕಳ ಚಿತ್ರಕ್ಕೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಮಡಕೆ ಒಡೆದರೆ ಕುಂಬಾರನು ಇನ್ನೊಂದನ್ನು ಮಾಡಿಯಾನು; ನಾಲ್ಕು ಜನರ ಮುಂದೆ ನಗೆಗೀಡಾದ ಬಾಲಕನು ಮತ್ತೆ ಕುಂಚವನ್ನು ಮುಟ್ಟದೆಯೇ ಹೋಗಬಹುದು. ಮೂರನೆಯ ಇಯತ್ತೆಯಲ್ಲಿ ಚಿತ್ರ ಬರೆಯದ ಮಗುವೇ ಇಲ್ಲ. ಒಂಬತ್ತನೆಯ ಇಯತ್ತೆಗೆ ಬರುವಷ್ಟರಲ್ಲಿ ಚಿತ್ರ ಬರೆಯುವವರನ್ನು ಬೆರಳೆಣಿಕೆಯಲ್ಲಿ ಲೆಕ್ಕ ಹಾಕಬಹುದು. ಉಳಿದವರು "ನನಗೆ ಚಿತ್ರ ಬರುವುದಿಲ್ಲ, ಗುರುಗಳೆ" ಎನ್ನುತ್ತಾರೆ. ಪಾಠದ ಹೊರೆಯೂ ಇದಕ್ಕೆ ಕಾರಣವಿರಬಹುದು. ಆದರೆ ಒಬ್ಬೊಬ್ಬರನ್ನೇ ಕರೆದು ಮೆಲ್ಲನೆ ವಿಚಾರಿಸಿದರೆ, ಎಂದೋ ಯಾರೋ ಆಡಿದ ಒಂದು ಮಾತು ಅವರ ನೆನಪಿನಿಂದ ಹೊರಬರುವುದನ್ನು ನಾವು ಕಂಡಿದ್ದೇವೆ. ಆಡಿದವನು ಅದನ್ನು ಅಂದೇ ಮರೆತಿರುತ್ತಾನೆ.

ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲೆಲ್ಲ ಹಳೆಯದಾದ 'ಕವಿರಾಜಮಾರ್ಗ'ವು ಈ ವಿಷಯವನ್ನೇ ಎತ್ತಿಕೊಂಡಿದೆಯೆಂದರೆ ನಿಮಗೆ ಆಶ್ಚರ್ಯವಾದೀತು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ಇದನ್ನು ರಚಿಸಿದನು. ಆ ರಾಷ್ಟ್ರಕೂಟರ ಒಂದು ಶಾಖೆಯು ಆ ಕಾಲದಲ್ಲಿ ಲಾಟದೇಶವನ್ನು, ಎಂದರೆ ಸೂರತ್ತು ಭರೂಚುಗಳಿರುವ ಇಂದಿನ ದಕ್ಷಿಣ ಗುಜರಾತನ್ನು, ಆಳುತ್ತಿದ್ದಿತು. ಕನ್ನಡನಾಡಿನ ಜನರು ಓದದೆಯೂ ಕಾವ್ಯವನ್ನರಿಯುವ ಜಾಣರೆಂದು ಶ್ರೀವಿಜಯನು ಹೊಗಳಿರುವುದನ್ನು ನಿಮ್ಮಲ್ಲಿ ಅನೇಕರು ಪಾಠದಲ್ಲಿ ಓದಿದ್ದೀರಿ. ಅದರ ಜೊತೆಗೆ ಅವನು ಇನ್ನೊಂದು ಮಾತನ್ನೂ ಹೇಳಿದ್ದಾನೆ. ಬಲ್ಲವರಲ್ಲದವರೂ ಬಲ್ಲವರಂತೆ ನಟಿಸುತ್ತ, ದೋಷವು ಒಂದಿಷ್ಟು ಕಣ್ಣಿಗೆ ಬಿದ್ದರೆ ಸಾಕು, ಅದನ್ನೇ ಹಿಡಿದುಕೊಂಡು ಇಡೀ ಕೃತಿಯನ್ನೇ ಅಲ್ಲಗಳೆಯುತ್ತಾರೆಂಬುದು ಆ ಮಾತಿನ ಸಾರ. ಸಾವಿರ ವರ್ಷಗಳ ಹಿಂದಿನ ಈ ದೂರು ನಮ್ಮ ಮೊಗಸಾಲೆಗೂ ಒಪ್ಪುತ್ತದೆಯಲ್ಲವೆ?

ಶ್ರೀವಿಜಯನು ದೂರಿ ಸುಮ್ಮನಾಗಲಿಲ್ಲ. ಗ್ರಂಥದ ಮೊದಲನೆಯ ಪರಿಚ್ಛೇದದಲ್ಲಿ ದೋಷಗಳನ್ನು ವಿವರಿಸುವಾಗ ಅವನು ದೋಷವುಳ್ಳ ಪದ್ಯವೊಂದನ್ನು ಕೊಟ್ಟು, ಅದನ್ನೇ ಹೇಗೆ ಹೇಳಿದರೆ ದೋಷವು ನೀಗುವುದೆಂಬುದನ್ನೂ ಬರೆದು ತೋರಿಸುತ್ತಾನೆ. ತಪ್ಪಿನ ಪಕ್ಕದಲ್ಲಿಯೇ ಒಪ್ಪು ಇರುತ್ತದೆ. ಬರೆದವನನ್ನು ಹಳಿಯುವ ಗೊಡವೆಯೇ ಇಲ್ಲ. ಒಬ್ಬರ ಕೆಲಸವನ್ನು ತಿದ್ದಹೊರಡುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ. "ಈ ಮನೆ ಸರಿಯಾಗಿಲ್ಲ" ಎಂದರೆ ಚಿತ್ರಕಾರನಿಗೆ ದಾರಿ ತೋರದು. "ಮನೆಯ ಹಿಂದಿನ ಮರವು ಮನೆಗಿಂತ ಕಡುಬಣ್ಣದ್ದಾಗಿರುವುದರಿಂದ ಮುಂದಕ್ಕೆ ಬಂದಂತೆ ಕಾಣುತ್ತದೆ, ಅದನ್ನು ತುಸು ತಿಳಿಗೊಳಿಸಿದರೆ ಹಿಂದೆ ಸರಿದೀತು" ಎಂದರೆ ಅವನು ಅಂದು ಸಂಜೆಯೇ ಕುಳಿತು ಮಾಡಿನೋಡಬಹುದು.

ಹೀಗೆ ಹೇಳಬೇಕಾದರೆ ಮೊದಲು ನೋಡಲು ಕಲಿಯಬೇಕು. ಇದಕ್ಕೆ ಒಂದು ಉತ್ತಮ ನಿದರ್ಶನವು ಅಹಮದಾಬಾದಿನೊಡನೆ ಸಂಬಂಧಪಟ್ಟಿದೆ. ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಭಾರತ ಸರ್ಕಾರದ ಕೋರಿಕೆಯಂತೆ ನಮ್ಮ ದೇಶದಲ್ಲಿ ಸಂಚರಿಸಿ 1958ರಲ್ಲಿ ಒಂದು ವರದಿಯನ್ನು ಒಪ್ಪಿಸಿದರು. ಅದರ ಫಲವಾಗಿ 1961ರಲ್ಲಿ ಸಾಬರಮತಿಯ ತಡಿಯ ಈ ನಗರದಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಹುಟ್ಟಿತು. ಆ ವರದಿಯಲ್ಲಿ ಅವರು ಬಹುವಾಗಿ ಮೆಚ್ಚಿಕೊಂಡ ವಸ್ತು ತಾಜಮಹಲಲ್ಲ, ಯಾವ ಅರಮನೆಯೂ ಅಲ್ಲ. ನಮ್ಮ ನಿಮ್ಮ ಮನೆಯ ಬಚ್ಚಲಲ್ಲಿರುವ ತಂಬಿಗೆ! ಅದನ್ನು ಅವರು ಬರಿದೆ ಚೆಲುವಾದುದೆಂದು ಹೇಳಿ ಬಿಡಲಿಲ್ಲ. ಪ್ರಶ್ನೆಗಳ ಮೇಲೆ ಪ್ರಶ್ನೆಗಳನ್ನು ಕೇಳಿದರು. ಇದರಲ್ಲಿ ಎಷ್ಟು ನೀರು ಹಿಡಿಯಬೇಕು? ಹಿಡಿಯುವ ಕೈಯ ಅಳತೆಯೇನು? ತಲೆಯ ಮೇಲೆ ಹೊರುವುದೋ, ಸೊಂಟದ ಮೇಲೋ? ತುಂಬಿದಾಗ ತೂಕವು ಎಲ್ಲಿ ನಿಲ್ಲುತ್ತದೆ, ಬರಿದಾದಾಗ ಎಲ್ಲಿ? ಸುರಿದಾಗ ನೀರು ಹೇಗೆ ಹರಿಯುತ್ತದೆ? ತೊಳೆಯಲು ಕೈ ಒಳಗೆ ಹೋಗುವುದೆ? ಕಣ್ಣು ಮುಚ್ಚಿ ಮುಟ್ಟಿದರೆ ಹೇಗಿರುತ್ತದೆ? ನೆಲದ ಮೇಲಿಟ್ಟಾಗ ಎಂತಹ ಸದ್ದಾಗುತ್ತದೆ? ದಿನವೂ ಕೈಯಲ್ಲಿ ಹಿಡಿಯುವ ತಂಬಿಗೆಯನ್ನು ನಮ್ಮಲ್ಲಿ ಎಷ್ಟು ಜನರು ಹೀಗೆ ನೋಡಿದ್ದೇವೆ? ಪ್ರಶ್ನಿಸಿ ನೋಡಿದವರ ಮೆಚ್ಚುಗೆಗೆ ತೂಕವಿರುತ್ತದೆ. ಏಕೆ ಮೆಚ್ಚಿದರೆಂಬುದು ಅದರಿಂದಲೇ ತಿಳಿಯುತ್ತದೆ.

ವಸ್ತುವನ್ನು ಕುರಿತು ಪ್ರಶ್ನೆಯಿರುವಂತೆ ಮಾಡಿದವನ ಉದ್ದೇಶವನ್ನು ಕುರಿತೂ ಪ್ರಶ್ನೆಯಿರಬೇಕು. ಅಹಮದಾಬಾದಿನಲ್ಲಿಯೇ ಹುಟ್ಟಿ ಬೆಳೆದ ಬಾಲಕನೊಬ್ಬನು ವಿಜಯಪುರದ ಕಡೆಯ ತನ್ನ ಅಜ್ಜನ ಹಳ್ಳಿಯ ಚಿತ್ರವನ್ನು ಬರೆದನೆಂದಿಟ್ಟುಕೊಳ್ಳೋಣ. ಜೋಳದ ಹೊಲ, ಬೇವಿನ ಮರ, ಹನುಮಪ್ಪನ ಗುಡಿ ಎಲ್ಲವೂ ಇವೆ. ಆದರೆ ಹೊಲದ ದಾರಿಯಲ್ಲಿ ಎತ್ತಿನ ಗಾಡಿಗೆ ಬದಲಾಗಿ ಒಂಟೆಯ ಗಾಡಿ ಬರುತ್ತಿದೆ. ತರಗತಿಯೆಲ್ಲ ನಗುವುದು ಸಹಜ. ಆದರೆ ಒಬ್ಬನು ನಗದೆ, "ಒಂಟೆಯನ್ನು ಏಕೆ ಬರೆದೆ?" ಎಂದು ಕೇಳಿದರೆ, "ಹಳ್ಳಿಯನ್ನು ಅಪ್ಪ ಹೇಳಿದಂತೆ ಬರೆದೆ, ಗಾಡಿಯನ್ನು ನಾನು ಇಲ್ಲಿ ಕಂಡಂತೆ ಬರೆದೆ" ಎಂಬ ಉತ್ತರ ಬಂದೀತು. ಎರಡು ನಾಡುಗಳ ನಡುವೆ ಬೆಳೆಯುತ್ತಿರುವ ಮಗುವಿನ ನಿಜವಾದ ಚಿತ್ರವದು. ಎತ್ತಿನ ಗಾಡಿಯೇ ಅವನಿಗೆ ಬೇಕಾಗಿದ್ದರೆ ನೊಗವು ಹೇಗಿರುವುದೆಂದು ತೋರಿಸಿಕೊಡೋಣ; ಇಲ್ಲವಾದರೆ ಒಂಟೆಯು ಅಲ್ಲಿಯೇ ಇರಲಿ.

ಮಹಾಗುರುಗಳೂ ಈ ವಿಷಯದಲ್ಲಿ ಎಡವಿದ್ದುಂಟು. ಬಂಗಾಳದ ಅವನೀಂದ್ರನಾಥ ಠಾಕೂರರು ತಮ್ಮ ನೆನಪುಗಳಲ್ಲಿ ಹೇಳಿಕೊಂಡಿರುವ ಪ್ರಸಂಗವೊಂದಿದೆ. ಅವರ ಶಿಷ್ಯ ನಂದಲಾಲ ಬೋಸರು ತಪಸ್ಸು ಮಾಡುವ ಉಮೆಯ ಚಿತ್ರವನ್ನು ಬರೆದಿದ್ದರು. ಚಿತ್ರವೆಲ್ಲ ಕಾವಿಯ ಬಣ್ಣವಾಗಿದ್ದಿತು. ಗುರುಗಳು ಅದನ್ನು ಕಂಡು, ಇಷ್ಟು ಬರಿದಾಗಿರುವುದೇಕೆ, ಹಣೆಗೆ ಚಂದನವನ್ನೋ ಒಂದು ಹೂವನ್ನೋ ಇಟ್ಟು ಉಮೆಯನ್ನು ಸಿಂಗರಿಸಬಾರದೆ ಎಂದು ಸೂಚಿಸಿ ಮನೆಗೆ ಹೋದರು. ಆದರೆ ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ತಪಸ್ವಿನಿಗೆ ಸಿಂಗಾರವೆಲ್ಲಿಯದು, ನಂದಲಾಲನು ಕಂಡ ಉಮೆಯೇ ಬೇರೆಯಲ್ಲವೆ ಎಂದು ಹೊಳೆಯಿತು. ಬೆಳಗಾಗುತ್ತಲೇ ಶಿಷ್ಯನಲ್ಲಿಗೆ ಧಾವಿಸಿ, ಕುಂಚ ಹಿಡಿದು ಬಣ್ಣ ಹಚ್ಚಲು ಕುಳಿತಿದ್ದವನನ್ನು ತಡೆದರು. ಗುರುವಿನ ಮಾತಿಗೆ ಎಷ್ಟು ಬಲವಿರುತ್ತದೆಂಬುದನ್ನೂ, ಆದುದರಿಂದಲೇ ಅದನ್ನು ಎಷ್ಟು ತೂಗಿ ಆಡಬೇಕೆಂಬುದನ್ನೂ ನಮ್ಮಂತಹ ಅಧ್ಯಾಪಕರು ಈ ಪ್ರಸಂಗದಿಂದ ತಿಳಿಯತಕ್ಕದ್ದು.

ಇವರಾರೂ ನಮಗೆ ದೂರದವರಲ್ಲ. ನಮ್ಮ ಮೈಸೂರು ಸೀಮೆಯ ಕಲಾವಿದ ಕೆ. ವೆಂಕಟಪ್ಪನವರು (1886-1965) ಕಲ್ಕತ್ತೆಯಲ್ಲಿ ಅದೇ ಅವನೀಂದ್ರರ ಬಳಿ ನಂದಲಾಲರ ಜೊತೆಯಲ್ಲಿ ಕಲಿತವರು. ನಂದಲಾಲರು 1938ರಲ್ಲಿ ಸೂರತ್ ಜಿಲ್ಲೆಯ ಹರಿಪುರದಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕಾಗಿ ಗಾಂಧೀಜಿಯವರ ಇಚ್ಛೆಯಂತೆ ಹಳ್ಳಿಯ ಬಾಳಿನ ಚಿತ್ರಗಳನ್ನು ಬರೆದುಕೊಟ್ಟರು. ವಡೋದರೆಯ ಕೀರ್ತಿಮಂದಿರದ ಭಿತ್ತಿಚಿತ್ರಗಳೂ ಅವರವೇ. ಅವರ ಶಿಷ್ಯರಾದ ಕೇರಳದ ಕೆ. ಜಿ. ಸುಬ್ರಹ್ಮಣ್ಯನ್ ಮತ್ತು ಶಂಖೋ ಚೌಧುರಿ, ಅವರೊಡನೆ ಇಂದೂರಿನ ಎನ್. ಎಸ್. ಬೇಂದ್ರೆ ಮೊದಲಾದವರು 1950ರಲ್ಲಿ ಪ್ರಾರಂಭವಾದ ವಡೋದರೆಯ ಲಲಿತಕಲಾ ವಿಭಾಗದಲ್ಲಿ ಪಾಠ ಹೇಳಿದರು. ಬೆಂಗಳೂರಿನ ಎನ್. ಪುಷ್ಪಮಾಲಾ ಅವರು ಶಿಲ್ಪವನ್ನು ಅಭ್ಯಾಸ ಮಾಡಿದ್ದು ಅಲ್ಲಿಯೇ. ಬೇರೆ ಬೇರೆ ಪ್ರಾಂತಗಳಿಂದ ಬಂದವರು ಒಂದೆಡೆ ಸೇರಿದಾಗ ಒಬ್ಬನ ಕಣ್ಣಿಗೆ ಸಹಜವಾದುದು ಇನ್ನೊಬ್ಬನಿಗೆ ವಿಚಿತ್ರವಾಗಿ ತೋರುವುದುಂಟು; ಕೇಳಿ ತಿಳಿಯದೆ ಗತಿಯಿಲ್ಲ. ವಿನ್ಯಾಸ, ವಾಸ್ತುಶಿಲ್ಪಗಳ ವಿದ್ಯಾಲಯಗಳಲ್ಲಿ 'ಜೂರಿ' ಎಂಬ ಪದ್ಧತಿಯುಂಟು. ವಿದ್ಯಾರ್ಥಿಯು ತನ್ನ ಕೆಲಸವನ್ನು ಗೋಡೆಗೆ ಅಂಟಿಸಿ, ತಾನು ಏನನ್ನು ಮಾಡಲು ಹೊರಟೆನೆಂಬುದನ್ನು ಮೊದಲು ತಾನೇ ಹೇಳುತ್ತಾನೆ. ಮಿಕ್ಕವರ ಮಾತು ಅನಂತರ. ಈ ಕ್ರಮವನ್ನು ನಮ್ಮ ಶಾಲೆಗಳಲ್ಲಿಯೂ ತರಬಹುದು.

ಇನ್ನು ಸೂರತ್ತಿನ ಜರಿಯ ಕೆಲಸದಿಂದಲೂ ಒಂದು ಪಾಠವಿದೆ. ದಕ್ಷಿಣದ ರೇಷ್ಮೆಸೀರೆಗಳ ಅಂಚು ಸೆರಗುಗಳಿಗೆ ಜರಿಯು ಬಹುಕಾಲದಿಂದ ಅಲ್ಲಿಂದ ಹೋಗುತ್ತಿದೆ. ಬೆಳ್ಳಿಯನ್ನು ತಂತಿಯಾಗಿ ಎಳೆದು, ಚಪ್ಪಟೆ ಮಾಡಿ, ರೇಷ್ಮೆಯ ಎಳೆಗೆ ಸುತ್ತಿ, ಬಂಗಾರದ ನೀರು ಕೊಡುವ ಈ ಕೆಲಸದಲ್ಲಿ ಕೈಗಳು ಹಲವು. "ಜರಿ ಕೆಟ್ಟಿದೆ" ಎಂದಷ್ಟೇ ಹೇಳಿದರೆ ತಂತಿ ಎಳೆದವನು ತಿದ್ದಿಕೊಳ್ಳಬೇಕೋ ಸುತ್ತಿದವನು ತಿದ್ದಿಕೊಳ್ಳಬೇಕೋ ತಿಳಿಯುವುದೆಂತು? ಸುತ್ತು ಸಡಿಲವೆಂದು ಹೇಳಿದರೆ ಕೆಲಸ ಮುಂದುವರಿಯುತ್ತದೆ. ಕುಂದು ಎಲ್ಲಿದೆಯೋ ಅಲ್ಲಿಗೇ ಮಾತು ಮುಟ್ಟಬೇಕು. ಮಾಡಿದವನ ಜಾತಿ, ಊರು, ಮೈಬಣ್ಣ, ಹಿಂದಿನ ಪರೀಕ್ಷೆಯ ಅಂಕಗಳು ಇವು ಯಾವುವೂ ಆ ಮಾತಿನಲ್ಲಿ ನುಸುಳಕೂಡದು.

ಇಲ್ಲಿ ಕೆಲವರು ಆಕ್ಷೇಪವೆತ್ತುವರು. ವಿನಯದ ಮಾತು ಸುಳ್ಳಿಗೆ ದಾರಿ ಮಾಡುವುದೆಂದೂ, ಬೈದು ಹೇಳಿದರೆ ಮಾತ್ರ ಕಲೆ ಕೈಗೂಡುವುದೆಂದೂ ಅವರ ವಾದ. ಕಠಿಣರಾದ ಗುರುಗಳಿಂದ ದೊಡ್ಡ ಶಿಷ್ಯರು ಆಗಿದ್ದಾರೆಂಬುದು ನಿಜ. ಆದರೆ ಆ ಗುರುಗಳು ವರ್ಷಗಟ್ಟಲೆ ಶಿಷ್ಯನ ಪಕ್ಕದಲ್ಲಿ ಕುಳಿತು ಕೈಹಿಡಿದು ತಿದ್ದಿದರೆಂಬುದನ್ನು ಮರೆಯಬಾರದು. ಮೊಗಸಾಲೆಯಲ್ಲಿ ಅರೆನಿಮಿಷ ನಿಂತು ಹೋಗುವವನಿಗೆ ಆ ಹಕ್ಕು ಎಲ್ಲಿಯದು? ಅಲ್ಲದೆ ವಿನಯವೆಂದರೆ ದೋಷವನ್ನು ಮುಚ್ಚುವುದಲ್ಲ. ಕುದುರೆಯ ಹಿಂಗಾಲು ತಪ್ಪಾಗಿದ್ದರೆ ತಪ್ಪೆಂದೇ ಹೇಳಬೇಕು. ಹೇಳದೆ ಹೊಗಳುವುದು ಗೆಳೆತನವಲ್ಲ. "ಅದು ಯಾವ ಕಡೆಗೆ ಬಾಗಬೇಕೆಂಬುದನ್ನು ಜಟಕಾ ನಿಂತಿರುವಲ್ಲಿಗೆ ಹೋಗಿ ನೋಡೋಣ ಬಾ" ಎಂದು ಸೇರಿಸಿದರೆ ಸತ್ಯಕ್ಕೂ ಕುಂದಿಲ್ಲ, ಹುಡುಗನಿಗೂ ನೋವಿಲ್ಲ.

ಕೇಳುವವನಿಗೂ ಕರ್ತವ್ಯವುಂಟು. ತನ್ನ ಚಿತ್ರವನ್ನು ಕುರಿತು ಒಬ್ಬನು ಮಾತಾಡುವಾಗ ನಡುವೆ ಬಾಯಿ ಹಾಕದೆ ಕೊನೆಯವರೆಗೆ ಕೇಳಬೇಕು. ತಿಳಿಯದಿದ್ದರೆ ಬಿಡಿಸಿ ಹೇಳೆಂದು ಕೇಳಿಕೊಳ್ಳಬೇಕು. ಹೇಳಿದ್ದನ್ನೆಲ್ಲ ಒಪ್ಪಲೇಬೇಕೆಂಬ ನಿಯಮವಿಲ್ಲ. ಉಮೆಗೆ ಹೂವು ಬೇಡವೆಂದು ತೋರಿದರೆ ಬೇಡವೆನ್ನುವ ಅಧಿಕಾರ ಚಿತ್ರಕಾರನದೇ. ಆದರೆ ಮೂವರು ಬೇರೆ ಬೇರೆಯಾಗಿ ಒಂದೇ ಎಡೆಯನ್ನು ಬೆರಳಿಟ್ಟು ತೋರಿಸಿದರೆ ಆ ಎಡೆಯನ್ನು ಇನ್ನೊಮ್ಮೆ ನೋಡುವುದು ಲೇಸು.

ಕಡೆಯದಾಗಿ ಕನ್ನಡದ ಮಾತು. ಗುಜರಾತಿನಲ್ಲಿ ಬೆಳೆಯುವ ನಿಮಗೆ ಚಿತ್ರವನ್ನು ಕಂಡೊಡನೆ "ಸರಸ್ ಛೇ" ಎಂದೋ "ಮಸ್ತ್" ಎಂದೋ ಬಾಯಿಗೆ ಬರುವುದು ಸಹಜ, ಅದರಲ್ಲಿ ತಪ್ಪಿಲ್ಲ. ಆದರೆ ಅಲ್ಲಿಗೆ ಮಾತು ಮುಗಿದುಹೋಗುತ್ತದೆ. ಒಂದು ಚಿತ್ರವನ್ನು ವಿವರಿಸಲು ಗೆರೆ, ಅಂಚು, ನೆರಳು, ಬಿಸಿಲು, ತೆರಪು, ಒತ್ತು, ಹದ, ಓರೆ, ಕಡುಬಣ್ಣ, ತಿಳಿಬಣ್ಣ ಎಂದು ಎಷ್ಟೊಂದು ಪದಗಳು ನಮ್ಮ ನುಡಿಯಲ್ಲಿವೆ! ಪದವು ನಾಲಗೆಯ ಮೇಲಿದ್ದರೆ ಕಣ್ಣೂ ಅದನ್ನು ಹುಡುಕುತ್ತದೆ. ತೆರಪೆಂಬ ಮಾತನ್ನು ಅರಿತವನು ಚಿತ್ರದಲ್ಲಿ ಏನನ್ನೂ ಬರೆಯದೆ ಬಿಟ್ಟ ಎಡೆಯನ್ನೂ ಗಮನಿಸುತ್ತಾನೆ. ಮನೆಯ ಹೊರಗೆ ಕನ್ನಡವು ಕಿವಿಗೆ ಬೀಳದ ಈ ನಗರದಲ್ಲಿ ನಮ್ಮ ನುಡಿಯನ್ನು ಬಳಸಲು ಇದೂ ಒಂದು ಒಳ್ಳೆಯ ಅವಕಾಶ.

ಆದುದರಿಂದ ಮುಂದಿನ ಸಮ್ಮೇಳನದಲ್ಲಿ ಪ್ರತಿಯೊಂದು ಚಿತ್ರದ ಕೆಳಗೆ ಒಂದು ಬಿಳಿಯ ಹಾಳೆಯನ್ನು ತೂಗುಹಾಕಬೇಕೆಂಬುದು ನಮ್ಮ ಸಲಹೆ. ಅದರಲ್ಲಿ ಬರೆಯುವವರು ಮೂರು ವಾಕ್ಯಗಳನ್ನು ಬರೆಯಲಿ. ಚಿತ್ರದ ಯಾವ ಎಡೆಯಲ್ಲಿ ಕಣ್ಣು ನಿಂತಿತೆಂಬುದು ಮೊದಲನೆಯದು. ಚಿತ್ರಕಾರನಿಗೆ ಒಂದು ಪ್ರಶ್ನೆ ಎರಡನೆಯದು. ಅವನು ನಾಳೆಯೇ ಮಾಡಿನೋಡಬಹುದಾದ ಒಂದು ಸಲಹೆ ಮೂರನೆಯದು. ಕೆಳಗೆ ಬರೆದವರ ಹೆಸರು ಇರಲೇಬೇಕು; ಹೆಸರು ಹಾಕಲು ನಾಚುವ ಮಾತನ್ನು ಬರೆಯದಿರುವುದೇ ಮೇಲು. ಸಮ್ಮೇಳನವು ಮುಗಿದ ಮೇಲೆ ಆ ಹಾಳೆಯು ಚಿತ್ರದೊಡನೆ ಚಿತ್ರಕಾರನ ಮನೆಗೆ ಹೋಗಲಿ. ಹೀಗೆ ಎರಡು ಮೂರು ವರ್ಷ ನಡೆಸಿ, ಒಂಬತ್ತನೆಯ ಇಯತ್ತೆಯಿಂದ ಎಷ್ಟು ಚಿತ್ರಗಳು ಬರುತ್ತವೆಂಬುದನ್ನು ಎಣಿಸಿನೋಡೋಣ.